ವಹಿ ಹಿಡಿದು ಮನೆ ಬಾಗಿಲಿಗೆ ಹೊರಟವರಿಗೆ

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಬರೆದವರು ಹೆಚ್ಚಾಗಿ ಹುಡುಗರು, ಹುಡುಗಿಯರು. ದುಡ್ಡಿಲ್ಲದ, ಮನೆತನದ ಬಲವಿಲ್ಲದ, 'ಇವ್ರು ಗೆಲ್ತಾರೇನ್ರಿ?' ಎಂದು ಊರೇ ಕೇಳುವ ಅಭ್ಯರ್ಥಿಯ ಪರವಾಗಿ ಬಿಡಿಗಾಸೂ ತೆಗೆದುಕೊಳ್ಳದೆ ಓಡಾಡಬೇಕೆಂದಿರುವವರು. ನಾನು ಶಾಲಾ ಮಾಸ್ತರನಾಗಿದ್ದಾಗ ಹಲವು ಚುನಾವಣೆಗಳಲ್ಲಿ ಪ್ರಿಸೈಡಿಂಗ್ ಆಫೀಸರ್ ಆಗಿ ಮತಗಟ್ಟೆ ನಡೆಸಿದವನು. ನಿವೃತ್ತಿಯಾದ ಮೇಲೆ, ಬೂತ್ ಕೆಲಸ ಕಲಿಯಬೇಕೆಂದು ಯಾವ ಪಕ್ಷದ ಹುಡುಗರು ಬಂದರೂ ಹೇಳಿಕೊಟ್ಟಿದ್ದೇನೆ. ಇಲ್ಲಿಯೂ ಯಾವ ಪಕ್ಷದ ಪರವಾಗಿಯೂ ಮಾತಾಡುವುದಿಲ್ಲ. ಪುಕ್ಕಟೆ ದುಡಿಯುವ ಕಾರ್ಯಕರ್ತರ ಪರವಾಗಿ ಮಾತ್ರ ಮಾತಾಡುತ್ತೇನೆ.

ಸೋಲುತ್ತಾರೆಂದು ಗೊತ್ತಿದ್ದೂ ದುಡಿಯಬೇಕೆ?

*ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂಬುದನ್ನೂ ಜನರೇ ಮತ ಹಾಕಿ ಹೇಳುತ್ತಾರಂತೆ. ನಮ್ಮಲ್ಲಿ ಅಂಥದ್ದು ಇದೆಯೇ? 2022ರಲ್ಲಿ ಖರ್ಗೆ ಸಾಹೇಬರು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ನಮ್ಮ ತಾಲ್ಲೂಕಿಗೆಲ್ಲ ಹೆಮ್ಮೆ. ನಾನೊಬ್ಬ ಮಾತ್ರ ತರೂರ್ ಪರ ಮಾತಾಡುತ್ತಿದ್ದೆ. 'ಸೋಲೋ ಮನುಷ್ಯಾಗ ಯಾಕ ಗಂಟಲು ಹರಕೋತಿ' ಎಂದು ಕಾಕಾ ಬೈದರು. ಕಾಕಾ ಹೇಳಿದ್ದು ನಿಜವೇ, ಸರ್?*
— ಪದವಿ ವಿದ್ಯಾರ್ಥಿ, ಭಾಲ್ಕಿ

ತಮ್ಮಾ, ಅಮೆರಿಕದ ಪ್ರೈಮರಿಯಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಆಯಾ ರಾಜ್ಯದ ಸಾಮಾನ್ಯ ಮತದಾರರು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಟಿಕೆಟ್ ಬರುವುದು ಮೇಲಿನಿಂದ. ಪ್ರೈಮರಿಯನ್ನು ಹೋಲುವ ಪ್ರಯೋಗ ಕರ್ನಾಟಕದಲ್ಲಿ ನಡೆದದ್ದು 2014ರಲ್ಲಿ. ಆ ವರ್ಷದ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪಕ್ಷದೊಳಗಿನವರಿಂದ ಮತ ಹಾಕಿಸಿ ಅಭ್ಯರ್ಥಿಯನ್ನು ಆರಿಸಿತು. ದಕ್ಷಿಣ ಕನ್ನಡ, ಬೆಂಗಳೂರು ಉತ್ತರ ಅದರಲ್ಲಿದ್ದವು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಅವರು ಹರ್ಷ ಮೊಯಿಲಿ ಅವರನ್ನು ಸೋಲಿಸಿ ಟಿಕೆಟ್ ಪಡೆದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಆರಿಸಿ ಬಂದರು. ಮುಂದಿನ ಹಣಾಹಣಿಯಲ್ಲಿ ಇಬ್ಬರೂ ಸೋತರು. ಆ ಪದ್ಧತಿ ಬೇರು ಬಿಡಲಿಲ್ಲ.

ನೀವು ಹೇಳುವ 2022ರ ಚುನಾವಣೆಯಲ್ಲಿ ಮತದ ಹಕ್ಕಿದ್ದವರು ಪ್ರದೇಶ ಕಾಂಗ್ರೆಸ್ ಪ್ರತಿನಿಧಿಗಳು, ದೇಶದಲ್ಲೆಲ್ಲ ಸೇರಿ 9,900ಕ್ಕೂ ಹೆಚ್ಚು ಜನ. ಅಕ್ಟೋಬರ್ 17ರಂದು ಮತದಾನ, 19ರಂದು ಎಣಿಕೆ. ನಿಮ್ಮದೇ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072 ಮತ ಬಂದವು. 416 ಮತ ತಿರಸ್ಕೃತವಾದವು. ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಬೆಳೆದು, ಮಿಲ್ ಕಾರ್ಮಿಕರ ನಡುವೆ ಕೆಲಸ ಮಾಡಿ, ಆ ಕುರ್ಚಿಯವರೆಗೆ ಹೋದದ್ದಕ್ಕೆ ಭಾಲ್ಕಿಯವರು ಹೆಮ್ಮೆ ಪಡುವುದು ಸರಿಯೇ.

ಈಗ ಆ 1,072ನ್ನು ನೋಡಿ. 2000ನೇ ಇಸವಿಯಲ್ಲಿ ಸೋನಿಯಾ ಗಾಂಧಿ ಅವರ ಎದುರು ನಿಂತ ಜಿತೇಂದ್ರ ಪ್ರಸಾದ ಅವರಿಗೆ ಬಂದದ್ದು 94 ಮತ. ತರೂರ್ ಅವರ ಪಾಲು ನೂರಕ್ಕೆ ಸುಮಾರು 12. ಪಕ್ಷದ ದೊಡ್ಡವರು ಯಾವ ಕಡೆ ಇದ್ದಾರೆಂಬುದು ಎಲ್ಲರಿಗೂ ತಿಳಿದಿದ್ದ ಚುನಾವಣೆಯಲ್ಲಿ ಇಷ್ಟು ಬಂದವು. ಅವರ ಕಡೆಯವರ ಮೊದಲ ತೊಡಕೇ ಮತದಾರರ ಪಟ್ಟಿ. ಹಲವರ ಫೋನ್ ನಂಬರ್ ಪಟ್ಟಿಯಲ್ಲಿಲ್ಲ ಎಂದು ತರೂರ್ ಬಹಿರಂಗವಾಗಿಯೇ ಹೇಳಿದ್ದರು. ಮತ ಹಾಕುವ ಹಿಂದಿನ ದಿನಗಳಲ್ಲಿ ಇನ್ನೊಂದು ಸೂಕ್ಷ್ಮ ಅವರ ಕಣ್ಣಿಗೆ ಬಿತ್ತು. ಬೇಕಾದವರ ಹೆಸರಿನ ಮುಂದೆ '1' ಎಂದು ಬರೆಯಬೇಕು ಎಂಬ ಸೂಚನೆ ಬಂದಿತ್ತು. ಮತಪತ್ರದಲ್ಲಿ ಖರ್ಗೆ ಅವರ ಕ್ರಮಸಂಖ್ಯೆಯೂ 1. ಇದರಿಂದ ಗೊಂದಲವಾಗುತ್ತದೆ ಎಂದು ಆಕ್ಷೇಪಿಸಿದರು, ಸೂಚನೆ ಬದಲಾಗಿ ಟಿಕ್ ಗುರುತು ಬಂತು. ಎಣಿಸುವಾಗ ಎಲ್ಲ ರಾಜ್ಯಗಳ ಮತಪತ್ರ ಬೆರೆಸಿದರು. ಯಾವ ರಾಜ್ಯದವರು ಯಾರಿಗೆ ಹಾಕಿದರೆಂಬುದು ಹೊರಬೀಳಲಿಲ್ಲ. ಸೋಲುವ ಕಡೆಯವರು ಕಣ್ಣಿಟ್ಟು ಕೂತಿದ್ದರಿಂದ ಚುನಾವಣೆಯೇ ಅಷ್ಟು ಚೊಕ್ಕವಾಯಿತು. ಮರುವರ್ಷ ತರೂರ್ ಕಾಂಗ್ರೆಸ್ ಕಾರ್ಯಕಾರಿ ಸಮಿತಿಗೆ ಸೇರಿದರು.

ಅಮೆರಿಕದ ಎರಡು ಉದಾಹರಣೆಗಳನ್ನೂ ಕಾಕಾಗೆ ಹೇಳಿ. 1968ರಲ್ಲಿ ಯೂಜೀನ್ ಮೆಕಾರ್ಥಿ ಎಂಬ ಸೆನೆಟರ್ ವಿಯೆಟ್ನಾಂ ಯುದ್ಧ ಬೇಡವೆಂದು, ಕುರ್ಚಿಯಲ್ಲಿದ್ದ ತಮ್ಮದೇ ಪಕ್ಷದ ಅಧ್ಯಕ್ಷ ಜಾನ್ಸನ್ ವಿರುದ್ಧ ನಿಂತರು. ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯದ ಚಳಿಯಲ್ಲಿ ಕಾಲೇಜು ಹುಡುಗರು ಮನೆಮನೆ ತಿರುಗಿದರು. ಮೆಕಾರ್ಥಿ ಅಲ್ಲಿ ಸೋತರು, ಆದರೆ ನೂರಕ್ಕೆ 42 ಮತ ಬಂದವು. ಆ ತಿಂಗಳ ಕೊನೆಗೆ ಜಾನ್ಸನ್ ತಾವು ಮತ್ತೆ ನಿಲ್ಲುವುದಿಲ್ಲ ಎಂದು ಘೋಷಿಸಿದರು. 1976ರಲ್ಲಿ ಜಾರ್ಜಿಯಾದ ಶೇಂಗಾ ರೈತ ಜಿಮ್ಮಿ ಕಾರ್ಟರ್ ನಿಂತಾಗ 'ಯಾವ ಜಿಮ್ಮಿ?' ಎಂದು ಪತ್ರಿಕೆಗಳೇ ಕೇಳಿದವು. ಅವರ ರಾಜ್ಯದವರು ಸ್ವಂತ ಖರ್ಚಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ, ಹಿಮದಲ್ಲಿ ಬಾಗಿಲು ಬಡಿದು, 'ಇವರು ನಮ್ಮ ನೆರೆಯವರು, ನಮಗೆ ಗೊತ್ತು' ಎಂದು ಹೇಳಿದರು. ಆ ಗುಂಪಿಗೆ ಶೇಂಗಾ ದಂಡು ಎಂದೇ ಹೆಸರಾಯಿತು. ಕಾರ್ಟರ್ ಅಲ್ಲಿ ಗೆದ್ದರು, ಆ ವರ್ಷವೇ ಅಧ್ಯಕ್ಷರಾಗಿಯೂ ಆಯ್ಕೆಯಾದರು.

ಒಬ್ಬರು ಸೋತೂ ಕೆಲಸ ಸಾಧಿಸಿದರು, ಇನ್ನೊಬ್ಬರು ಗೆದ್ದರು. ಇಬ್ಬರ ಕಾರ್ಯಕರ್ತರೂ ಮಾಡಿದ ಕೆಲಸ ಒಂದೇ: ಯಾರೂ ಹೋಗದ ಬಾಗಿಲಿಗೆ ಹೋಗಿ ಮತ ಕೇಳಿದರು. ಗೆಲುವು ನಿಮ್ಮ ಕೈಯಲ್ಲಿಲ್ಲ, ಕೇಳುವುದು ನಿಮ್ಮ ಕೈಯಲ್ಲಿದೆ. ಕೆಳಗಿನ ಉತ್ತರಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ಹನ್ನೆರಡು ಜನ ಇದ್ದೇವೆ, ಎಲ್ಲಿಂದ ಶುರು ಮಾಡೋಣ?

*ಮುಂದಿನ ವಿಧಾನಸಭಾ ಚುನಾವಣೆಗೆ ನಮ್ಮ ಪರಿಚಯದ ಒಬ್ಬರು ಪಕ್ಷೇತರರಾಗಿ ನಿಲ್ಲುವ ಮನಸ್ಸು ಮಾಡಿದ್ದಾರೆ. ಒಳ್ಳೆಯ ಮನುಷ್ಯ, ಕೈಯಲ್ಲಿ ಕಾಸಿಲ್ಲ. ನಾವು ಗೆಳೆಯರು ಹನ್ನೆರಡು ಜನ. ಜೀಪಿಲ್ಲ, ಮೈಕಿಲ್ಲ. ಮೊದಲು ಏನು ಮಾಡಬೇಕ್ರಿ?*
— ಔರಾದ್

ಮೊದಲು ಕಾಗದ ಪತ್ರ. ಎಷ್ಟೋ ಬಡ ಅಭ್ಯರ್ಥಿಗಳು ಸೋಲುವುದು ಮತಗಟ್ಟೆಯಲ್ಲಲ್ಲ, ನಾಮಪತ್ರ ಪರಿಶೀಲನೆಯ ದಿನ. ಔರಾದ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಜಾತಿ ಪ್ರಮಾಣಪತ್ರ ಬೇಕೇ ಬೇಕು, ಠೇವಣಿ 5,000 ರೂಪಾಯಿ. ಸಾಮಾನ್ಯ ಅಭ್ಯರ್ಥಿಗಾದರೆ 10,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಬ್ಬರ ಭಾಗ ಸಂಖ್ಯೆಯೋ ಕ್ರಮಸಂಖ್ಯೆಯೋ ತಪ್ಪಿದರೂ ತೊಂದರೆ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಬೇರೆ ಬೇರೆ ಹತ್ತು ಜನರ ಸಹಿ ಇರುವ ಎರಡು ಪ್ರತಿಯನ್ನಾದರೂ ಕೊಡಿಸಿ.

ಆಮೇಲೆ ಮತದಾರರ ಪಟ್ಟಿ. ಬೂತ್‌ವಾರು ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಬೂತಿನ ಹಾಳೆಗಳನ್ನು ಝೆರಾಕ್ಸ್ ಮಾಡಿಸಿಕೊಳ್ಳಿ. ಯಾರ ಹೆಸರು ಬಿಟ್ಟಿದೆ, ಯಾರು ತೀರಿಕೊಂಡಿದ್ದಾರೆ, ಯಾವ ಸೊಸೆ ಬೇರೆ ಊರಿಂದ ಬಂದಿದ್ದಾಳೆ ಎಂದು ನೋಡಿ. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ 18 ತುಂಬುವವರು ಅರ್ಜಿ ಹಾಕಬಹುದು. ಒಬ್ಬ ಹುಡುಗಿಯ ಹೆಸರು ಪಟ್ಟಿಗೆ ಸೇರಿಸಿಕೊಟ್ಟವರ ಮುಖ ಆ ಮನೆಯವರು ಮರೆಯುವುದಿಲ್ಲ.

ಚಿಹ್ನೆಯ ವಿಷಯದಲ್ಲಿ ಪಕ್ಷೇತರರಿಗೆ ಸಮಯವೇ ಇರುವುದಿಲ್ಲ. 2023ರಲ್ಲಿ ನಾಮಪತ್ರ ಹಿಂಪಡೆಯಲು ಏಪ್ರಿಲ್ 24 ಕೊನೆಯ ದಿನ, ಮತದಾನ ಮೇ 10. ಬಹಿರಂಗ ಪ್ರಚಾರ 48 ಗಂಟೆ ಮುಂಚೆ ನಿಂತಿತು. ಚಿಹ್ನೆ ಕೈಗೆ ಬಂದ ಮೇಲೆ ಉಳಿದದ್ದು ಎರಡು ವಾರ. ಅಷ್ಟರಲ್ಲಿ ಚಿಹ್ನೆ, ಕ್ರಮಸಂಖ್ಯೆ, ಮುಖ ಮೂರನ್ನೂ ಜನಕ್ಕೆ ಮುಟ್ಟಿಸಬೇಕು. ಮತಯಂತ್ರದಲ್ಲಿ ಪಕ್ಷೇತರರ ಹೆಸರು ಕೆಳಗೆ ಬರುತ್ತದೆ. ಅದಕ್ಕೇ ಚಿಹ್ನೆ ಬರುವ ಮುಂಚಿನ ತಿಂಗಳುಗಳೇ ನಿಮ್ಮ ನಿಜವಾದ ಪ್ರಚಾರ.

ಹನ್ನೆರಡು ಜನ ಎಂದರೆ ಆರು ಜೋಡಿ. ಒಂದು ಜೋಡಿ ಒಂದು ಸಂಜೆಗೆ 25 ಮನೆ ಮಾಡಿದರೆ ಒಟ್ಟು 150 ಮನೆ. ಇಪ್ಪತ್ತು ಸಂಜೆಗೆ 3,000 ಮನೆ. ಜೀಪು, ಮೈಕು ಇಲ್ಲದೆಯೇ ಆಗುವ ಕೆಲಸ ಇದು. ಪ್ರತಿ ಜೋಡಿಯ ಕೈಯಲ್ಲಿ ಒಂದು ವಹಿ ಇರಲಿ. ನಾಲ್ಕೇ ಸಾಲು ಎಳೆಯಿರಿ: ಯಾರ ಮನೆ, ಎಷ್ಟು ಮತ, ಏನು ಹೇಳಿದರು, ಮತ್ತೆ ಯಾವಾಗ ಹೋಗಬೇಕು. ಜಾತಿ ಬರೆಯಬೇಡಿ. ಕೇಳದೆ ಫೋನ್ ನಂಬರ್ ಬರೆಯಬೇಡಿ.

ಏನು ಹೇಳಿದರೆಂಬುದನ್ನು ಬರೆಯುವಾಗ ಎಚ್ಚರ. ಹೊಸ್ತಿಲಲ್ಲೇ ನಿಂತು 'ನಿಮಗs ಹಾಕ್ತೀವಿ ಬಿಡ್ರಿ' ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ನಿಮ್ಮನ್ನು ಸಾಗಹಾಕುವ ಮಾತು. ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, 'ತೊಗರಿ ರೇಟಿನ ಬಗ್ಗೆ ನಿಮ್ಮ ಮನಷ್ಯಾ ಏನ್ ಮಾಡ್ತಾನ?' ಎಂದು ಜಗಳ ತೆಗೆದವರ ಮುಂದೆ ಒಂದು ಚುಕ್ಕೆ ಇಡಿ. ಜಗಳ ತೆಗೆದವರು ನಿಮ್ಮ ಮಾತು ಕೇಳಿಸಿಕೊಂಡಿದ್ದಾರೆ. ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಮನೆಗೆ ಬೀಗ ಇದ್ದರೆ ಅದನ್ನೂ ಬರೆಯಿರಿ. ಹಬ್ಬಕ್ಕೆ ಬಂದಾಗ ಮತ್ತೆ ಹೋಗಿ.

ನಮ್ಮ ದುಡ್ಡಲ್ಲೇ ಪೋಸ್ಟರ್ ಹೊಡೆಸಬಹುದೇ?

*ಅಭ್ಯರ್ಥಿಗೆ ಹೊರೆ ಬೇಡವೆಂದು ನಾವು ಗೆಳೆಯರೇ ಪಟ್ಟಿ ಹಾಕಿ 2,000 ಕರಪತ್ರ ಹೊಡೆಸೋಣ ಎಂದುಕೊಂಡಿದ್ದೇವೆ. ಇದರಲ್ಲಿ ತಪ್ಪೇನಾದರೂ ಇದೆಯೇ?*
— ಚೌಬಾರಾ ಹತ್ತಿರ, ಬೀದರ್

ಮನಸ್ಸು ಒಳ್ಳೆಯದು, ಮಾಡುವ ರೀತಿ ಸರಿಯಾಗಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಪ್ರತಿ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಎಷ್ಟು ಪ್ರತಿ ಎಂಬುದನ್ನೂ ಪ್ರೆಸ್ಸಿನವರು ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಪ್ರಚಾರಕ್ಕೆ ಬೇರೆಯವರು ಖರ್ಚು ಮಾಡುವುದು ಅಪರಾಧ. ಮೊದಲು ಒಂದು ಚೀಟಿಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರುತ್ತದೆ.

ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ನಿಮಗೆ ಆ ಮಿತಿಯ ಭಯವಿಲ್ಲ, ಲೆಕ್ಕ ಬರೆಯದಿರುವುದರ ಭಯ ಇದೆ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಬೇಕು. ಚುನಾವಣೆ ಮುಗಿಯುವವರೆಗೆ ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ನಗದಾಗಿ 10,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ತಪ್ಪಿದರೆ ಮೂರು ವರ್ಷ ಚುನಾವಣೆಗೆ ನಿಲ್ಲದಂತೆ ಆಯೋಗ ಅನರ್ಹಗೊಳಿಸಬಹುದು. ಬಡ ಅಭ್ಯರ್ಥಿಗೆ ಇಂಥ ಅನರ್ಹತೆ ಬಂದರೆ ನಿಮ್ಮೆಲ್ಲರ ದುಡಿಮೆ ಮಣ್ಣುಪಾಲು.

ನೀವು ಪಟ್ಟಿ ಎತ್ತುವುದು ಹೊಸದೇನಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಜನ ಕೊಟ್ಟ ಚಿಕ್ಕ ಚಿಕ್ಕ ಕಾಣಿಕೆಯ ಬಲದಿಂದ ವಿಧಾನಸಭೆಗೆ ಹೋದವರು. 'ಒಂದು ವೋಟು, ಒಂದು ನೋಟು' ಎಂಬ ಮಾತನ್ನು ರೈತ ಸಂಘದವರು ಹಳ್ಳಿಹಳ್ಳಿಗೆ ಒಯ್ದರು. ಹತ್ತು ರೂಪಾಯಿ ಕೊಟ್ಟವನು ಮತದಾನದ ದಿನ ತಾನೇ ಎದ್ದು ಬೂತಿಗೆ ಬರುತ್ತಾನೆ. ಹತ್ತು ರೂಪಾಯಿಗೂ ರಸೀದಿ ಹರಿದು ಕೊಡಿ.

'ನಿಮಗ ಎಷ್ಟು ಕೊಡ್ತಾರ?' ಅಂತಾರೆ

*ನಾನು ಬಿ.ಎಡ್. ಓದುತ್ತಿದ್ದೇನೆ. ಒಬ್ಬ ಮಹಿಳಾ ಅಭ್ಯರ್ಥಿ ಪರ ಓಣಿಯಲ್ಲಿ ಮನೆಮನೆಗೆ ಹೋದೆ. ಮೊದಲ ಮೂರು ಮನೆಯಲ್ಲೇ 'ನಿಮಗ ದಿನಕ್ಕ ಎಷ್ಟು ಕೊಡ್ತಾರವ್ವ?' ಅಂತ ಕೇಳಿದರು. ಅವಮಾನವಾಯಿತು. ಮನೆಯಲ್ಲೂ ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ, ಸರ್?*
— ಬೀದರ್ ನಗರ

ತಂಗಿ, ಅವರು ನಿಮ್ಮನ್ನು ಹೀಯಾಳಿಸಲು ಕೇಳಿದ್ದಲ್ಲ. ದಿನಗೂಲಿ ಕೊಟ್ಟು ಕರೆತಂದ ಗುಂಪುಗಳನ್ನೇ ಅವರು ನೋಡಿದ್ದಾರೆ. ಪುಕ್ಕಟೆ ಬಂದವರನ್ನು ನೋಡಿಲ್ಲ. ನಿಜವನ್ನೇ ಹೇಳಿ: 'ಏನೂ ಕೊಡಂಗಿಲ್ಲವ್ವ. ನನಗ ಈ ಅಕ್ಕನ ಮ್ಯಾಲ ವಿಶ್ವಾಸ ಅದ, ಅದಕ್ಕ ಬಂದೀನಿ.' ಇಷ್ಟು ಹೇಳಿ ಸುಮ್ಮನೆ ನಿಲ್ಲಿ. ನಾನು ಕಂಡಂತೆ, ಅಲ್ಲಿಂದಲೇ ಮಾತು ಶುರುವಾಗುತ್ತದೆ. 'ಯಾಕ ವಿಶ್ವಾಸ?' ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಎರಡು ಮಾತಿನ ಉತ್ತರ ನಿಮ್ಮ ಬಳಿ ಸಿದ್ಧವಿರಬೇಕು.

ಮೊದಲ ದಿನ ತಾಯಿಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಒಂದು ಓಣಿ ತಿರುಗಿ ಬಂದ ತಾಯಿ ಮರುದಿನ ಬೇಡ ಎನ್ನುವುದು ಕಡಿಮೆ. ಯಾವಾಗಲೂ ಇಬ್ಬರಾಗಿ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ. ಗಂಡಸರು ಹೊರಗೆ ಕಟ್ಟೆಯಲ್ಲಿ 'ನಮ್ಮ ಮನೆ ಮತ ಎಲ್ಲಾ ನಾನು ಹೇಳಿದಂಗ' ಎನ್ನುತ್ತಾರೆ. ಅದನ್ನು ಕೇಳಿ ತಿರುಗಿ ಬರಬೇಡಿ, ಒಳಗೆ ಹೋಗಿ. ರೊಟ್ಟಿ ತಟ್ಟುತ್ತಿರುವವರ ಹತ್ತಿರ ಕೂತು ಮಾತಾಡುವ ಅವಕಾಶ ನಿಮಗಿದೆ, ದೊಡ್ಡ ಪಕ್ಷದ ಹತ್ತು ಜನ ಗಂಡಸರ ಗುಂಪಿಗಿಲ್ಲ. ಮತ ಗುಪ್ತವಾಗಿರುತ್ತದೆ ಎಂಬ ಒಂದು ಮಾತನ್ನು ಅವರಿಗೆ ಸಮಾಧಾನವಾಗಿ ತಿಳಿಸಿಕೊಡಿ.

ಮೆಕಾರ್ಥಿ ಅವರ ಹುಡುಗರ ಮಾತು ಮೇಲೆ ಹೇಳಿದೆ. ಅವರಲ್ಲಿ ಹಲವರು ಹಿರಿಯರ ಮನೆಗೆ ಹೋಗಬೇಕೆಂದು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿಕೊಂಡಿದ್ದರು. ಹೋದ ಮನೆಗೆ ತಕ್ಕ ಮರ್ಯಾದೆ ತೋರಿಸುವುದು ಎಲ್ಲ ಊರಿನಲ್ಲೂ ನಡೆಯುವ ನಾಣ್ಯ.

ಮರಾಠಿ, ಲಂಬಾಣಿ, ಉರ್ದು — ಯಾವ ಭಾಷೆಯಲ್ಲಿ ಕೇಳಬೇಕು?

*ನಮ್ಮ ಅಭ್ಯರ್ಥಿಗೆ ಕನ್ನಡದ ಅಭಿಮಾನ ಬಹಳ. ಕರಪತ್ರ ಕನ್ನಡದಲ್ಲೇ ಇರಲಿ ಎನ್ನುತ್ತಾರೆ. ನಮ್ಮ ಬೂತಿನಲ್ಲಿ ಮರಾಠಿ ಮನೆಗಳು, ಒಂದು ತಾಂಡಾ, ಮುಸ್ಲಿಂ ಓಣಿ ಎಲ್ಲಾ ಇವೆ.*
— ಔರಾದ್ ತಾಲ್ಲೂಕು

1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಹಳೆಯ ಬೀದರ್ ಜಿಲ್ಲೆಯ ಉದಗೀರ್, ನೀಲಂಗಾ, ಅಹಮದ್‌ಪುರ ಆಗಿನ ಮುಂಬಯಿ ರಾಜ್ಯದ (ಈಗಿನ ಮಹಾರಾಷ್ಟ್ರ) ಪಾಲಾದವು, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆ ಹೋದವು. ಗಡಿ ಬಂತೆಂದು ಮನೆಯೊಳಗಿನ ಮಾತು ಬದಲಾಗಲಿಲ್ಲ. ಔರಾದಿನ ಸಂತೆಯಲ್ಲಿ ಒಂದೇ ವ್ಯಾಪಾರಕ್ಕೆ ಮೂರು ಭಾಷೆ ಬೀಳುತ್ತವೆ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರಿಗಿಂತ ಕನ್ನಡದ ಅಭಿಮಾನಿ ನಮ್ಮ ಕಡೆ ಯಾರಿದ್ದಾರೆ? ಮಗುವಿನ ಮನೆಮಾತು ಮಗುವಿನ ಹಕ್ಕು ಎಂದು ನಂಬಿದ್ದಕ್ಕೇ ಆ ಕಷ್ಟಪಟ್ಟರು. ಅದೇ ಹಕ್ಕು ತಾಂಡಾದ ಅಜ್ಜಿಗೂ ಇದೆ. ಕರಪತ್ರ ಕನ್ನಡದಲ್ಲಿರಲಿ, ಮಾತು ಮನೆಯವರ ಭಾಷೆಯಲ್ಲಿರಲಿ. ಮನೆಮನೆಗೆ ಹೋಗುವ ನಿಮ್ಮ ಜೋಡಿಗಳಲ್ಲಿ ಮರಾಠಿ ಬಲ್ಲವರು, ಲಂಬಾಣಿ ಬಲ್ಲವರು, ದಖನಿ ಬಲ್ಲವರು ಇರುವಂತೆ ಹಂಚಿಕೊಳ್ಳಿ. ಧರ್ಮ, ಜಾತಿ, ಭಾಷೆಯ ಹೆಸರು ಹೇಳಿ ಮತ ಕೇಳುವುದು ಕಾನೂನಿನಲ್ಲಿ ಭ್ರಷ್ಟ ನಡವಳಿಕೆ. ಆ ಭಾಷೆಯಲ್ಲಿ ಮಾತಾಡುವುದಕ್ಕೆ ಅಡ್ಡಿಯಿಲ್ಲ.

ಮತ ಒಡೆಯುವವರು ಎಂಬ ಬೈಗುಳ

*'ನಿಮ್ಮವರು ನಿಂತರ ಮತ ಒಡೀತಾವ, ಹಿಂದ ತಗೀರಿ' ಎಂದು ದೊಡ್ಡ ಪಕ್ಷದವರು ಮನೆಗೇ ಬಂದು ಹೇಳಿದರು. ಖರ್ಚು ಮಾಡಿದ್ದೆಲ್ಲ ಕೊಡುತ್ತೇವೆ ಎಂದರು. ನಮ್ಮೊಳಗೇ ಎರಡು ಅಭಿಪ್ರಾಯ ಆಗಿದೆ.*
— ಭಾಲ್ಕಿ

ದುಡ್ಡು ಕೊಟ್ಟು ನಾಮಪತ್ರ ಹಿಂದೆ ತೆಗೆಸುವುದು, ದುಡ್ಡು ತೆಗೆದುಕೊಂಡು ಹಿಂದೆ ಸರಿಯುವುದು ಎರಡೂ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಲಂಚ. ಆ ಮಾತು ಅಲ್ಲಿಗೇ ಮುಗಿಯಲಿ.

ಮತ ಯಾರ ಪಿತ್ರಾರ್ಜಿತ ಆಸ್ತಿಯೂ ಅಲ್ಲ, ಒಡೆಯಲು. ಆದರೂ ನಿಮ್ಮೊಳಗಿನ ಎರಡನೇ ಅಭಿಪ್ರಾಯದವರನ್ನು ಬಾಯಿ ಮುಚ್ಚಿಸಬೇಡಿ. ಅವರು ಕೇಳುವುದರಲ್ಲೂ ತಿರುಳಿದೆ. ಅಭ್ಯರ್ಥಿಯನ್ನು ಎದುರಿಗೆ ಕೂಡಿಸಿಕೊಂಡು ಮೂರು ಮಾತು ಕೇಳಿ. ಠೇವಣಿಯ ದುಡ್ಡು ಎಲ್ಲಿಂದ ಬಂತು? ಬೇರೆ ಯಾರೂ ಎತ್ತದ ಯಾವ ವಿಷಯವನ್ನು ನೀವು ಎತ್ತುತ್ತೀರಿ? ಸೋತ ಮರುದಿನ ಎಲ್ಲಿರುತ್ತೀರಿ? ಒಬ್ಬರ ಮತ ಕಡಿಮೆ ಮಾಡಲೆಂದೇ ಇನ್ನೊಬ್ಬರು ದುಡ್ಡು ಕೊಟ್ಟು ನಿಲ್ಲಿಸುವ ಡಮ್ಮಿ ಅಭ್ಯರ್ಥಿಗಳೂ ಇರುತ್ತಾರೆ. ನಿಮ್ಮ ನಿಷ್ಠೆ ಅಂಥ ಕಡೆ ಖರ್ಚಾಗಬಾರದು. ಮೂರಕ್ಕೂ ನೇರ ಉತ್ತರ ಬಂದರೆ ಮುಂದೆ ನಡೆಯಿರಿ. ತಡವರಿಸಿದರೆ ವಹಿ ಮುಚ್ಚಿ ಮನೆಗೆ ಬನ್ನಿ. ಅದರಲ್ಲಿ ನಾಚಿಕೆಯಿಲ್ಲ.

ಒಬ್ಬನೇ ಪೋಲಿಂಗ್ ಏಜೆಂಟ್ ಆಗಿ ಕೂಡುವುದು

*ನಮ್ಮ ಬೂತಿಗೆ ಏಜೆಂಟ್ ಆಗಿ ಕೂಡು ಎಂದಿದ್ದಾರೆ. ದೊಡ್ಡ ಪಕ್ಷದವರ ನಡುವೆ ಒಬ್ಬನೇ ಕೂತು ಏನು ಮಾಡಲಿ? ಹೋಗದಿದ್ದರೆ ಏನಾಗುತ್ತದೆ?*
— ಔರಾದ್ ತಾಲ್ಲೂಕು

ಹೋಗಿ. ಈ ತಾಲ್ಲೂಕಿನ ಒಂದು ತಾಂಡಾದ ಶಾಲೆಯಲ್ಲಿ ನಾನು ಮತಗಟ್ಟೆ ನಡೆಸಿದ ದಿನವೊಂದನ್ನು ಹೇಳುತ್ತೇನೆ. ಪಕ್ಷೇತರರೊಬ್ಬರ ಏಜೆಂಟ್ ಆಗಿ ಒಬ್ಬ ಹುಡುಗ ಬೆಳಗಿನ ಕತ್ತಲಲ್ಲೇ ಬಂದ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ಮಜ್ಜಿಗೆ, ಬಗಲಲ್ಲಿ ವಹಿ. ಉಳಿದ ಏಜೆಂಟರಿಗೆ ಮಧ್ಯಾಹ್ನ ಹೊರಗಿನಿಂದ ಊಟ ಬಂತು. ಅವರು ಸರದಿ ಮೇಲೆ ಎದ್ದು ಹೋದರು. ಇವನು ಗೋಡೆಗೆ ಒರಗಿ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ, ಇನ್ನೊಂದು ಕೈಯಲ್ಲಿ ಬಂದವರ ಕ್ರಮಸಂಖ್ಯೆಗೆ ಗೆರೆ ಎಳೆಯುತ್ತಲೇ ಇದ್ದ. ಸಂಜೆ ಯಂತ್ರ ಮುಚ್ಚಿದಾಗ ಅವನ ಗೆರೆಗಳ ಲೆಕ್ಕವೂ ಯಂತ್ರದ ಲೆಕ್ಕವೂ ಕೂಡಿತು. 'ಸರ್, 17ಸಿ ಪ್ರತಿ ಕೊಡ್ರಿ' ಎಂದು, ಬಿದ್ದ ಮತಗಳ ಲೆಕ್ಕದ ಆ ನಮೂನೆಗೆ ಮೊದಲು ಕೈ ಚಾಚಿದವನು ಅವನೇ. ಅವನ ಅಭ್ಯರ್ಥಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಆದರೆ ಆ ದಿನ ಅವನು ಕೂತಿದ್ದರಿಂದ ನನ್ನ ಬೂತಿನಲ್ಲಿ ಎಲ್ಲರೂ, ನಾನೂ ಸೇರಿ, ಇನ್ನಷ್ಟು ಎಚ್ಚರದಿಂದ ಕೆಲಸ ಮಾಡಿದೆವು.

ನೀವು ಮಾಡಬೇಕಾದದ್ದು ಇಷ್ಟು. ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ನಮೂನೆ 10 ಇರಲಿ, ಗುರುತಿನ ಚೀಟಿ ಇರಲಿ. ಮತದಾನ ಶುರುವಾಗುವ ಒಂದೂವರೆ ಗಂಟೆ ಮುಂಚೆ ತಲುಪಿ. ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ ತೋರಿಸುತ್ತಾರೆ. ಲೆಕ್ಕ ಕೂಡಿತೇ, ಆಮೇಲೆ ಯಂತ್ರವನ್ನು ಸೊನ್ನೆ ಮಾಡಿದರೇ ಎಂದು ನೋಡಿ. ಸೀಲಿನ ನಂಬರ್ ಬರೆದುಕೊಳ್ಳಿ. ಕೊನೆಗೆ 17ಸಿ ಪ್ರತಿ ಪಡೆಯದೆ ಏಳಬೇಡಿ. ಹೊರಗಿರುವ ಗೆಳೆಯರಿಗೆ ಎರಡು ಮಾತು: ಬೂತಿನ 100 ಮೀಟರ್ ಒಳಗೆ ಪ್ರಚಾರವಿಲ್ಲ, ಮತದಾರರನ್ನು ಆಟೋದಲ್ಲಿ ಪುಕ್ಕಟೆ ಕರೆತರುವುದೂ ಅಪರಾಧ. ಸರ್ಕಾರಿ ನೌಕರಿಯಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ಏಜೆಂಟ್ ಮಾಡಬೇಡಿ. ಕಾನೂನು ಅದಕ್ಕೆ ಒಪ್ಪುವುದಿಲ್ಲ.

ಠೇವಣಿ ಹೋಯಿತು, ಗೆಳೆಯರು ಚದುರಿದರು

*ಹಿಂದಿನ ಸಲ ನಾವು ದುಡಿದ ಅಭ್ಯರ್ಥಿಗೆ ಠೇವಣಿಯೂ ಉಳಿಯಲಿಲ್ಲ. ನಮ್ಮ ಬೂತಿನಲ್ಲೇ ಅಂದುಕೊಂಡಷ್ಟು ಮತ ಬರಲಿಲ್ಲ. ಆಮೇಲೆ ಗೆಳೆಯರು ಫೋನ್ ಎತ್ತುವುದನ್ನೇ ಬಿಟ್ಟರು. ಮತ್ತೆ ಶುರು ಮಾಡುವ ಧೈರ್ಯವಿಲ್ಲ.*
— ಭಾಲ್ಕಿ

ಠೇವಣಿ ಉಳಿಯಲು ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ಒಂದೂವರೆ ಲಕ್ಷ ಮತ ಬಿದ್ದ ಕ್ಷೇತ್ರದಲ್ಲಿ 25,000 ದಾಟಬೇಕು. ಸೋತವರಲ್ಲಿ ಬಹಳ ಜನ ಅದನ್ನು ದಾಟುವುದಿಲ್ಲ. ಅದಕ್ಕೆ ತಲೆ ತಗ್ಗಿಸಬೇಡಿ.

ನಿಮಗೆ ನೋವಾಗಿರುವುದು ನಿಮ್ಮ ಬೂತಿನ ಲೆಕ್ಕದಿಂದ. ಅದನ್ನು ಮನಸ್ಸಿನಲ್ಲಿ ಕೊಳೆಯಲು ಬಿಡದೆ ಕಾಗದದ ಮೇಲೆ ತನ್ನಿ. ಬೂತ್‌ವಾರು ಮತಗಳ ಪಟ್ಟಿ, ಅಂದರೆ ನಮೂನೆ 20, ಎಲ್ಲರಿಗೂ ನೋಡಲು ಸಿಗುತ್ತದೆ. ಹಳೆಯ ವಹಿಯನ್ನು ಅದರ ಪಕ್ಕ ಇಟ್ಟುಕೊಂಡು ಕೂಡಿ. ವಹಿಯಲ್ಲಿ 120 ಎಂದು ಬರೆದಿದ್ದೀರಿ, ಬಂದದ್ದು 38 ಎಂದುಕೊಳ್ಳಿ. ಹೊಸ್ತಿಲ ಮಾತನ್ನು ನಂಬಿ ಬರೆದದ್ದೆಷ್ಟು, ಎರಡನೇ ಸಲ ಹೋಗದ ಮನೆ ಎಷ್ಟು, ಬೀಗ ಹಾಕಿದ್ದ ಮನೆ ಎಷ್ಟು? ಒಂದು ಸಂಜೆ ಗೆಳೆಯರಲ್ಲಿ ಇಬ್ಬರನ್ನಾದರೂ ಕರೆದು ಸುಸ್ಲಾ, ಮಿರ್ಚಿ ಭಜಿ ತಿನ್ನುತ್ತ ಈ ಲೆಕ್ಕ ಮಾಡಿ. ಅವರು ಫೋನ್ ಎತ್ತದಿರುವುದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಅವರಿಗೂ ಮುಖ ತೋರಿಸಲು ಸಂಕೋಚವಾಗಿದೆ.

ಆ 38 ಜನ ಯಾರೆಂದು ನಿಮಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಆದರೆ ದುಡ್ಡಿಲ್ಲದೆ, ಬೆದರಿಕೆಯಿಲ್ಲದೆ, ನೀವು ಕೇಳಿದಿರೆಂಬ ಒಂದೇ ಕಾರಣಕ್ಕೆ 38 ಜನ ಗುಂಡಿ ಒತ್ತಿದರು. ವಿಧಾನಸಭೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಗ್ರಾಮ ಪಂಚಾಯಿತಿಯ ಲೆಕ್ಕ ಬೇರೆ. ಅಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆಯೂ ಇಲ್ಲ. ನಿಮ್ಮ ಬೂತಿನಲ್ಲಿ 38 ಮನಸ್ಸು ಗೆದ್ದವರು ಒಂದು ವಾರ್ಡಿನಲ್ಲಿ ಮುಂದಿನ ಸಲ ಏನು ಮಾಡಬಹುದೆಂದು ನೀವೇ ಕೂಡಿ ನೋಡಿ.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಮತ ಕೇಳಲು ಬಂದವರು ಸೋತ ಮೇಲೆ ಮತ್ತೆ ಆ ಓಣಿಗೆ ಹೋಗುವುದು ನಮ್ಮ ಕಡೆ ಅಪರೂಪ. ನೀವು ಹೋಗಿ. ಏನನ್ನೂ ಕೇಳಬೇಡಿ. 'ಆವಾಗ ನಮ್ಮ ಮಾತು ಕೇಳಿದ್ರಿ, ನೆನಪದ' ಎಂದಷ್ಟೇ ಹೇಳಿ, ಅವರು ಆಗ ಹೇಳಿದ್ದ ನಳದ್ದೋ ಪಿಂಚಣಿಯದ್ದೋ ಕೆಲಸ ಏನಾಯಿತೆಂದು ವಿಚಾರಿಸಿ. ಆಗದಿದ್ದರೆ ಪಂಚಾಯಿತಿಗೆ ಒಂದು ಅರ್ಜಿ ಬರೆದುಕೊಡಿ. ವಹಿಯ ಮೊದಲ ಹಾಳೆಯ ಮೊದಲ ಮನೆಯಿಂದ ಶುರು ಮಾಡಿ.